ಟೊಂಕದ ಕೆಳಗಿನ ಗೋಡಿ

ಅವ್ವಾ,

ನಿನಗ ಓದಾಕ ಬರತಿರಲಿಲ್ಲ. ಈಗ ಇರೂ ಕಡೆ ಯಾರರೆ ಕಲಿಸಿರಬೇಕು ಅಂತ ತಿಳಕೊಂಡು ಬರಿಯಾಕತ್ತೀನಿ. ಗೋಡಿ ಮ್ಯಾಲ ಒಂದೊಂದು ಅಕ್ಷರ ಆಳೆತ್ತರ ಬರದಾಂವ ನಾ, ಹಾಳಿ ಮುಂದ ಕುಂತ್ರ ಅಕ್ಷರ ಸೊಟ್ಟ ಬೀಳತಾವ. ಬೆರಳಿನ ಸಂದ್ಯಾಗ ಸುಣ್ಣ ಸೇರಿ ಉರಿಯಾಕತ್ತೇತಿ. ಯಾವ ಸುಣ್ಣ, ಎಲ್ಲೀ ಸುಣ್ಣ ಅಂತ ಅವಸರ ಮಾಡಬ್ಯಾಡ, ಹೇಳತೀನಿ. ಮೊದಲಿಂದ ಹೇಳಬೇಕು. ನಡುವಿಂದ ಸುರು ಮಾಡಿದ್ರ ನನಗ ಬೇಕಾದಂಗ ತಿರುಗಿಸಿಬಿಡತೀನಿ, ಆ ಚಟಾ ನನಗ ಹತ್ತಿ ಭಾಳ ವರ್ಷ ಆತು. ಪೇಪರಿನವರ ಮುಂದ, ಮುಂಬೈ ಮಂದಿ ಮುಂದ ನಿನ್ನ ಬಗ್ಗೆ ಎಷ್ಟ ಮಾತಾಡೀನಿ ಅಂತಿ. ನಿನ್ನ ಮುಂದ ಕುಂತು ಮಾತಾಡಿದ್ದು ಮಾತ್ರ...

ಹೋಗಲಿ.

ಮಹಾದೇವ ಪೇಂಟರ್ ಕಾಕಾನ ಕಡೆ ನನ್ನ ನೀನಾ ಕರಕೊಂಡು ಹೋಗಿದ್ದಿ, ನೆನಪೈತೇನು? ಎಸ್ಸೆಸ್ಸೆಲ್ಸಿ ನಪಾಸಾಗಿ ಮನ್ಯಾಗ ಬಿದ್ದಿದ್ದೆ. "ಇವನ ಕೈಗೆ ಏನರೆ ಕೆಲಸ ಹಚ್ಚರಿ ಅಣ್ಣಾ, ಗೋಡಿ ಕಂಡಲ್ಲೆ ಇದ್ದಲಿ ಹಿಡದು ಗೀಚತಾನ" ಅಂದಿ. ಅವನ ಸೈಕಲ್ ಮೋಟಾರಿನ ಹಿಂದ ಬಣ್ಣದ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಾ ಸುತ್ತಿದೆ. ಸಿಮೆಂಟಿನ ಜಾಹೀರಾತು, ಗೊಬ್ಬರದ್ದು, ಬೀಜದ್ದು, ಇಲೆಕ್ಷನ್ ಬಂದ್ರ ಪಾರ್ಟಿ ಚಿಹ್ನಾ. ಒಂದ ಊರಾಗ ಕನ್ನಡ, ಮುಂದಿನ ಊರಾಗ ಮರಾಠಿ. ನೂಲಿಗೆ ನೀಲಿ ಹಚ್ಚಿ, ಗೋಡಿಗೆ ಬಿಗಿ ಹಿಡದು ಚಟ್ಟನ ಬಿಟ್ಟು ಗೆರಿ ಮೂಡಿಸಿ ಚೌಕ ಹಾಕೂದು ಅಂವನ ಕಲಿಸಿದಾ. ಚಿತ್ರ ಸಣ್ಣ ಹಾಳ್ಯಾಗ ಇದ್ರೂ ಆ ಚೌಕದಾಗ ಹಿಡದು ಎಷ್ಟ ಬೇಕಾದಷ್ಟ ದೊಡ್ಡದು ಮಾಡಬಹುದು. ಮತ್ತ ಒಂದ ಮಾತ ಹೇಳಿದ್ದಾ. "ಬಾಳ್ಯಾ, ಟೊಂಕದ ಕೆಳಗಿನ ಗೋಡಿ ಪೇಂಟರಂದಲ್ಲಪಾ. ಅದು ಆಡಿಂದು, ನಾಯಿದು, ಎಲಿ ಅಡಕಿ ಉಗುಳಾವ್ರದು, ನಿಂತು ಉಚ್ಚಿ ಹೊಯ್ಯಾವ್ರದು. ಅಲ್ಲಿ ಕರೇ ಡಾಂಬರ ಬಳದು ಬಿಟ್ಟಬಿಡು. ನಮ್ಮ ಅಕ್ಷರ ಅದರ ಮ್ಯಾಲಿಂದ ಸುರು." ನಮ್ಮ ಕಡೆ ಯಾ ಹಳೇ ಪೇಂಟರನ ಗೋಡಿ ಬೇಕಾರ ನೋಡು, ಕೆಳಗ ಆ ಕರೇ ಪಟ್ಟಿ ಇದ್ದ ಇರತೈತಿ. ನಾನೂ ವರ್ಷಾನಗಟ್ಟಲೆ ಬಳದೀನಿ.

ಫ್ಲೆಕ್ಸ್ ಬಂದ ಮ್ಯಾಲ ಕಾಕಾ ಬ್ರಷ್ ಎಲ್ಲಾ ಸೀಮಿಎಣ್ಣ್ಯಾಗ ತೊಳದು ಚೀಲಕ್ಕ ಹಾಕಿ, ಮಗಳ ಊರು ಕಬ್ಬೂರಿಗೆ ಹೋಗಿಬಿಟ್ಟಾ. ಅರ್ಧರ್ಧ ಉಳದ ಡಬ್ಬಿ ನನ್ನ ಪಾಲಿಗೆ ಬಂದ್ವು. ಕೆಲಸಿಲ್ಲದಾಂವ ಏನ ಮಾಡಬೇಕು? ನೀ ಬಾಗಲದಾಗ ತಂಬಾಕ ತುಂಬಿದ ಸೂಪಾ, ಆ ಬಿದರಿನ ಮರಾ, ತೊಡಿ ಮ್ಯಾಲ ಇಟ್ಕೊಂಡು ಬೀಡಿ ಕಟ್ಟತಿದ್ದಿ. ನಾ ಎದುರಿಗಿನ ಗೋಡಿ ಮ್ಯಾಲ ನಿನ್ನ ಕೈ ಬರದೆ. ಕಂಪನಿ ಹೆಸರಿಲ್ಲ, ಪಾರ್ಟಿ ಹೆಸರಿಲ್ಲ, ಯಾರೂ ಹೇಳಿದ್ದಲ್ಲ, ಬರೀ ಎರಡ ಕೈ. ನೀ ಎದ್ದ ಬಂದು ನೋಡಿ "ಇಕಿ ಎಲಿ ಉಲ್ಟಾ ಸುತ್ತಾಕತ್ತಾಳಲೇ, ಇಂಥಾ ಬೀಡಿ ಕೊಟ್ರ ಮಾರಿ ಮ್ಯಾಲ ಒಗದ ಕಳಸತಾರ" ಅಂದಿ. ನಾ ಅಳಿಸಿ ಮತ್ತ ಬರದೆ. ಅವತ್ತ ನೀ ಹೇಳಿದ್ದು ಒಂದ ಸಲಕ್ಕ ಕೇಳಿದೆ. ಆಮ್ಯಾಲ ಯಾಕ ಕೇಳಲಿಲ್ಲ?

ಆ ಕೈ ನಮ್ಮ ನಿಪ್ಪಾಣಿ ತುಂಬ ಹಬ್ಬಿದ್ವು. ತಂಬಾಕದ ಚೀಲಾ ಒಟ್ಟೂ ವಖಾರಿ ಗೋಡಿಗೆ, ಮುರದ ಕಂಪೌಂಡಿಗೆ, ಕೊಗನೊಳ್ಳಿ ಕಡೆ ಹೈವೇ ಸೇತುವಿ ಕೆಳಗ. ಕೊಲ್ಲಾಪುರದ ಆರ್ಟ್ ಕಾಲೇಜಿನ ಹುಡುಗೂರು ಬಂದು ಫೋಟೋ ಹೊಡಕೊಂಡ ಹೋದ್ರು, ಅದು ಇಂಟರ್ನೆಟ್ಟಿನ್ಯಾಗ ಓಡ್ಯಾಡ್ತು, ಮುಂಬೈದಾಗ ಒಂದ ಓಣಿ ಗೋಡಿ ಬರಿಯಾಕ ನನ್ನ ಕರದ್ರು. ಅಲ್ಲೆ ಗ್ಯಾಲರಿ ನಡಸೂ ಮ್ಯಾಡಮ್ ಭೇಟ್ಟಿ ಆದ್ರು. "ನೀವು ಪೇಂಟರ್ ಅಲ್ಲ, ಆರ್ಟಿಸ್ಟ್" ಅಂದ್ರು. ಎದಿ ಉಬ್ಬಿತು ನೋಡು. ಪೇಂಟರ್ ಅನ್ನೂ ಹೆಸರಿನ ಮ್ಯಾಲ ಅಷ್ಟ ವರ್ಷ ರೊಟ್ಟಿ ತಿಂದಾಂವ, ಅವತ್ತಿಂದ ಯಾರರೆ ಪೇಂಟರ್ ಅಂತ ಕರದ್ರ ನನಗ ಸಿಟ್ಟ ಬರಾಕ ಹತ್ತಿತು.

ನಿನ್ನ ಮಾರಿ ಬರದದ್ದು ಅಲ್ಲಿಂದ ಬಂದ ಮ್ಯಾಲ. ಬಸ್ ಸ್ಟ್ಯಾಂಡಿನಿಂದ ಸಂತಿಗೆ ಹೋಗೂ ರಸ್ತಾದ ಮ್ಯಾಲಿನ ವಖಾರಿ, ಆ ಉದ್ದನ್ನ ಗೋಡಿ. ಮಾಲಕ ಹೂಂ ಅಂದಾ. ನಿಚ್ಚಣಿಕಿ ಹಾಕಿ ಹಣಿಯಿಂದ ಸುರು ಮಾಡಿದೆ. ಕುಂಕುಮ, ಆ ಸಣ್ಣ ಸಿಡಬಿನ ಕಲಿ, ಮೂಗಿನ ಬೊಟ್ಟು, ಎಲ್ಲಾ ಚೌಕದಾಗ ಹಿಡದೆ. ಕೆಳಗ ಬಂದ್ನಿ, ಡಾಂಬರ ಬಳಿಯೂ ಜಾಗಾ ಬಂತು. ಕಾಕಾನ ಮಾತ ನೆನಪಾತವ್ವಾ, ಮರತಿದ್ದೆ ಅಂತ ಹೇಳೂದಿಲ್ಲ. ಆದ್ರ ಮುಂಬೈದಾಗ ಒಬ್ಬ ಗಡ್ಡದಾಂವ, ಕಲಾ ಅನ್ನೂದು ನೆಲಕ್ಕಿಳದು ಜನರ ಸಾಲಿನ್ಯಾಗ ನಿಂದರಬೇಕು ಅಂತ ಭಾಷಣ ಮಾಡಿದ್ದಾ. ನಾ ನಿನ್ನ ಗದ್ದ ಒಯ್ದು ನೆಲಕ್ಕ ಹಚ್ಚಿದೆ. ಗಟಾರದ ದಂಡಿಗೆ, ಆಡು ಮೇಯೂ ಕಡೆ, ನಿನ್ನ ಗದ್ದ.

ಮುಗದ ಮರುದಿನ ನಿನ್ನ ಗಾಡಿ ಮ್ಯಾಲ ಕುಂದ್ರಿಸಿಕೊಂಡು ತೋರಸಾಕ ಹೋದೆ. ಗಾಡಿ ನಿಂದ್ರಿಸಿದೆ. ನೀ ನೋಡಿದಿ, ಸೆರಗ ಎಳದು ಮಾರಿ ಮುಚ್ಚಿಕೊಂಡಿ. "ಹ್ಯಾಂಗ ಆಗೇತಿ?" ಅಂದೆ. "ಮನಿಗೆ ನಡಿ" ಅಂದಿ. ಹೆಣ್ಣಮಗಳು, ನಾಚಿಕೊಂಡ್ಳು ಅಂತ ತಿಳಕೊಂಡೆ. ಅದು ನಾಚಿಕಿ ಅಲ್ಲ, ಮಾನಾ ಹೋದಂಗ ಆದದ್ದು ಅನ್ನೂದು ಹೊಟ್ಟ್ಯಾಗ ಹುಟ್ಟಿದ ಮಗಗ ತಿಳಿಬಾರದಾ?

ಆಮ್ಯಾಲ ಆದದ್ದೆಲ್ಲಾ ನಿನಗ ನನಗಿಂತ ಚೊಲೊ ಗೊತ್ತು. ತುಟಿ ಮ್ಯಾಲ ನಾಟಕದ ಪೋಸ್ಟರ್ ಹಚ್ಚಿದ್ರು. ಗಲ್ಲದ ಮ್ಯಾಲ ಗುಟಕಾ ಉಗಳಿದ್ರು. ಬಸ್ಸಿನಿಂದ ಇಳದಾವ್ರು ಸೀದಾ ಬಂದು ಗದ್ದದ ಕಡೆ ಮಾರಿ ಮಾಡಿ ನಿಂದರಾಕ ಹತ್ತಿದ್ರು. ನಿನ್ನ ಜೋಡಿ ಬೀಡಿ ಕಟ್ಟೂ ಗಂಗಾ ಮೌಶಿ ಒಂದಿನ ನನ್ನ ಎದುರನ "ಏನ ಬಾಯಿಸಾಹೇಬ್ರ, ಇವತ್ತ ನಿಮಗ ಎಷ್ಟ ಮಂದಿ ಅಭಿಷೇಕ ಮಾಡಿದ್ರು?" ಅಂತ ಚಾಷ್ಟಿ ಮಾಡಿದ್ಳು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ನೀ ಸೂಪಾದಾಗಿನ ತಂಬಾಕ ನೋಡಕೋತ ಕುಂತಿ. ಅವತ್ತ ಉಣ್ಣಾಗ "ಬಾಳ್ಯಾ, ಅದನ್ನ ಅಳಸತಿಯೇನಪಾ?" ಅಂದಿ. ನಾ ಕೈ ತೊಳಕೊಂಡು ಕುಂತು ನಿನಗ ಪಾಠ ಹೇಳಿದೆ. ಅದು ಕಲಾ, ಜನಾ ಏನ ಮಾಡತಾರ ಅದೂ ಕಲಾದ ಭಾಗ, ನೀ ಈಗ ಬರೀ ನೀ ಅಲ್ಲ, ಬೀಡಿ ಕಟ್ಟೂ ಎಲ್ಲಾ ಹೆಂಗಸರ ಪ್ರತೀಕ... ಏನೇನ ಅಂದೆ. ಪ್ರತೀಕ ಅಂದ್ರ ಏನಂತ ನೀ ಕೇಳಲಿಲ್ಲ. "ಆತು ಬಿಡು" ಅಂದಿ. ಇನ್ನೊಂದ ರೊಟ್ಟಿ ನೀಡಿದಿ. ಮತ್ತ ಎಂದೂ ಆ ಮಾತ ತಗೀಲಿಲ್ಲ. ಸಂತಿಗೆ ಹೋಗೂದು ಮಾತ್ರ ಹಿಂದಿನ ಓಣಿ ಹಿಡದು ಸುತ್ತಹಾಕಿ ಹೋಗಾಕ ಹತ್ತಿದಿ. ಮೊಣಕಾಲ ನೋಯಿಸಿಕೊಂಡು ಅಷ್ಟ ದೂರ ಯಾಕ ಹೋಗತಿ ಅಂತ ನಾನಾ ಬೈದೀನಿ.

ಮುಂಬೈ ಗ್ಯಾಲರಿಗೆ ನಿನ್ನ ಕರಕೊಂಡ ಹೋಗಿದ್ದು ನೆನಪಾದ್ರ ಈಗೂ ಮೈ ಬಿಸಿ ಆಗತೈತಿ. ತಣ್ಣನ ಏಸಿ, ಬೆಳ್ಳನ ಗೋಡಿ, ಕ್ಯಾನ್ವಾಸ್ ಮ್ಯಾಲ ನಿನ್ನ ಮಾರಿ, ಅದರ ಮ್ಯಾಲ ಲೈಟು. ಮಂದಿ ಕೈಯಾಗ ಗ್ಲಾಸ್ ಹಿಡಕೊಂಡು ಸುಮ್ನ ನಿಂತು ನೋಡತಿದ್ರು. ನೀ ಚಪ್ಪಲ್ ಹೊರಗ ಬಿಟ್ಟು ಬರಿಗಾಲಲೆ ಬಂದಿದ್ದಿ. ಒಂದ ಸುತ್ತ ಹಾಕಿ, ಗೋಡಿ ಬುಡಾ ಬಗ್ಗಿ ನೋಡಿ, ನನ್ನ ಕಿವ್ಯಾಗ ಕೇಳಿದಿ: "ಇಲ್ಲಿ ಯಾರೂ ಉಚ್ಚಿ ಹೊಯ್ಯೂದಿಲ್ಲಲ್ಲ?" ಮ್ಯಾಡಮ್ ಬಾಜೂಕ ಇದ್ರು. "ಮಾಂಜಿ ಕ್ಯಾ ಬೋಲೀ?" ಅಂದ್ರು, ಅವ್ವಾರು ಏನಂದ್ರು ಅಂತ. ನನಗ ನೆಲಾ ಬಾಯಿ ತಗೀಬಾರದಾ ಅನ್ನಿಸ್ತು. ಇಂಥಾ ಜಾಗಾದಾಗ ಇಂಥಾ ಮಾತ ಆಡತಾಳಲ್ಲ ಇಕಿ ಅಂತ. "ಭಾಳ ಚೊಲೊ ಐತಿ ಅನ್ನಾಕತ್ತಾಳ" ಅಂತ ಹಿಂದ್ಯಾಗ ಹೇಳಿಬಿಟ್ಟೆ. ಮ್ಯಾಡಮ್ ನಿನ್ನ ಎರಡೂ ಕೈ ಹಿಡಕೊಂಡ್ರು. ನೀ ನನ್ನ ಮಾರಿ ನೋಡಿದಿ. ನಿನಗ ಮರಾಠಿ ಬರತಿತ್ತು, ಹಿಂದಿ ಅರ್ಧ ತಿಳೀತಿತ್ತು. ನಾ ಹೇಳಿದ್ದೇನಂತ ನಿನಗ ಗೊತ್ತಾಗಿತ್ತು ಹೌದಲ್ಲ?

ಅದಾದ ಮ್ಯಾಲ ಭಾಳ ದಿನಾ ಊರಿಗೆ ಬರಲಿಲ್ಲ ನಾ. ಬಂದಾಗ ನೋಡತೀನಿ, ನಿನ್ನ ಗದ್ದದ ಗುಂಟ ದೇವರ ಟೈಲ್ಸ್ ಹಚ್ಚ್ಯಾರ. ಲಕ್ಷ್ಮಿ, ಗಣಪತಿ, ಮೆಕ್ಕಾ, ಯೇಸು, ಮತ್ತ ಲಕ್ಷ್ಮಿ, ಮತ್ತ ಮೆಕ್ಕಾ. ಮಂದಿ ಗೋಡಿಗೆ ನಿಂದರಬಾರದು ಅಂತ ದವಾಖಾನಿ ಮೂಲ್ಯಾಗ, ಶಾಳಿ ಕಂಪೌಂಡಿಗೆ ಹಚ್ಚತಾರಲ್ಲ, ಅವಾ. ವಖಾರಿ ಮಾಲಕ ಹಚ್ಚಿಸ್ಯಾನ ಅಂತ ತಿಳಕೊಂಡೆ. ಚಿತ್ರ ಕೆಡಿಸಿದಾ ಮಗಾ ಅಂತ ಬೈಕೊಂಡೆ. ಫೋಟೋ ಕಳಿಸಿದ ಮ್ಯಾಲ ಮ್ಯಾಡಮ್ ಕುಣದಾಡಿದ್ರು. "ಇದು ನಿಮ್ಮ ದೊಡ್ಡ ಕೆಲಸ" ಅಂದ್ರು. ಬೀದಿ ಒಂದ ಕಡೆ, ದೇವರ ಮನಿ ಒಂದ ಕಡೆ, ನಡುವ ತಾಯಿ ಅಂತ ಪೇಪರಿನ್ಯಾಗ ಒಬ್ರು ಬರದ್ರು. ಅಲ್ಲಿಂದ ನಾ ಕ್ಯಾನ್ವಾಸಿನ ಕೆಳಗೆಲ್ಲಾ ಟೈಲ್ಸ್ ಹಚ್ಚಾಕ ಸುರು ಮಾಡಿದೆ. ದಿಲ್ಲಿಗೆ ಹೋತು, ಕೊಚ್ಚಿಗೆ ಹೋತು, ಹೊರದೇಶಕ್ಕೂ ಹೋತು. ಟೈಲ್ಸ್ ಯಾರ ಹಚ್ಚಿದ್ದು ಅಂತ ಕೇಳಿದವರಿಗೆ "ಜನಾ ಹಚ್ಚಿದ್ದು" ಅಂತಿದ್ದೆ. ಪೇಪರಿನ್ಯಾಗ ಬಂದ ಫೋಟೋ ನಿನಗ ತೋರಿಸಿದ್ರ ನೀ "ಚೊಲೊ ಕಾಣತಾವ" ಅಂದಿ, ಅಷ್ಟ.

ನೋಟ್ ಬಂದಿ ಆದ ಚಳಿಗಾಲದಾಗ ನಿನ್ನ ಕೆಮ್ಮ ಹೆಚ್ಚಾತು. ತಂಬಾಕದ ಧೂಳಾ ಎದ್ಯಾಗ ಕುಂತೇತಿ ಅಂದ್ರು ಡಾಕ್ಟರ್. ನೀ ಹೋದಿ. ಮುಂದಿಂದು ಹೆಂಗ ಹೇಳಲಿ... ನಿನ್ನ ಹೊತ್ತು ಹೊಂಟಾಗ ಸುಡಗಾಡಿಗೆ ಹಿಂದಿನ ಓಣಿನ ಹತ್ತರದ್ದು. ಅಲ್ಲ, ವಖಾರಿ ರಸ್ತಾ ಹಿಡೀರಿ ಅಂದಾಂವ ನಾನಾ. ಗೋಡಿ ಮುಂದ ಒಂದ ಗಳಿಗಿ ಇಳಸ್ರಿ ಅಂದಾಂವನೂ ನಾನಾ. ಮ್ಯಾಲ ನಿನ್ನ ದೊಡ್ಡ ಮಾರಿ, ಕೆಳಗ ಸಿದಗಿ ಮ್ಯಾಲ ನೀ. ಪೇಪರಿನವರು ಫೋಟೋ ಹೊಡಕೊಂಡ್ರು. ಇದ್ದಾಗ ಯಾ ರಸ್ತಾ ತುಳೀಲಿಲ್ಲ, ಸತ್ತ ಮ್ಯಾಲ ಅಲ್ಲೇ ನಿನ್ನ ಮಲಗಿಸಿ ಮಂದಿಗೆ ತೋರಿಸಿದೆ. ಎದ್ದು ಒಂದ ಮಾತ ಬೈಲಿಲ್ಲ ನೀ. ಬೈಯಾಕ ಬರತಿರಲಿಲ್ಲ.

ಹ್ವಾದ ತಿಂಗಳ ಮ್ಯಾಡಮ್ ಫೋನ್ ಮಾಡಿದ್ರು. ಮುಂಬೈದಾಗ ಒಂದ ದೊಡ್ಡ ಮ್ಯೂಜಿಯಮ್ಮಿನವರು ನಿನ್ನ ಗೋಡಿ ಒಯ್ಯತಾರಂತ. ಪೂರಾ ಅಲ್ಲ. ತುಟಿಯಿಂದ ಕೆಳಗಿಂದು, ಟೈಲ್ಸ್ ಸಮೇತ ಕೊಯ್ದು. ಆ ಜಾಗಾದಾಗ ಹೊಸಾ ಇಟ್ಟಂಗಿ ಕಟ್ಟಿಸಿಕೊಡತಾರಂತ, ಮಾಲಕನೂ ಒಪ್ಪಿದ್ದಾ. ಕಣ್ಣು ಬ್ಯಾಡೇನ್ರಿ ಅಂದೆ. "ಕಣ್ಣಿನ ಅವಶ್ಯಕತೆ ಇಲ್ಲ" ಅಂದ್ರು. ನಾ ಹೂಂ ಅಂದೆ. ಖರೇ ಹೇಳತೀನಿ, ಖುಷೀಲೆ ಹೂಂ ಅಂದೆ. ಟೈಲ್ಸ್ ಒಡೀದಂಗ ಬಿಚ್ಚಬೇಕು, ಹ್ಯಾಂಗ ಹಚ್ಚ್ಯಾರ ಅಂತ ತಿಳೀಬೇಕು ಅಂದ್ರು. ಹಚ್ಚಿದ ಗೌಂಡಿನ್ನ ಹುಡಕ್ಕೋತ ಹೋದೆ. ಮಾಲಕನ್ನ ಕೇಳಿದ್ರ "ನಾ ಎಲ್ಲಿ ಹಚ್ಚಿಸಿದ್ನಿ ಮಾರಾಯಾ" ಅಂದಾ. ಹಂಗ ಕೇಳಕೋತ ಕೇಳಕೋತ ದಸ್ತಗೀರ ಮಾಮಾನ ಹತ್ತರ ಬಂದೆ. ಕುಡಚಿಯಾಂವ, ನಮ್ಮ ಮನಿ ಬಚ್ಚಲಾ ಕಟ್ಟಿದಾಂವ.

ಮಾಮಾ ಚಾ ಕುಡಕೋತ ಕುಂತಿದ್ದಾ. ನನ್ನ ಮಾತ ಕೇಳಿ ಬಸಿ ಕೆಳಗಿಟ್ಟಾ.

"ನಿಮ್ಮವ್ವ ಹಚ್ಚಿಸಿದ್ಳಲ್ಲೋ. ನಿನಗ ಗೊತ್ತಿಲ್ಲೇನು?"

"ನಮ್ಮವ್ವ? ಹ್ಯಾಂಗ?" ಅಂದೆ.

"ಬೀಡಿ ಬುಟ್ಟ್ಯಾಗ ಟೈಲ್ಸ್ ಇಟ್ಟು, ಮ್ಯಾಲ ಅರಬಿ ಹೊಚ್ಚಿ ತಂದಿದ್ಳು. ಬರೀ ಲಕ್ಷ್ಮಿ ಸಾಕಲ್ಲಬೇ ಅಂತ ನಾ ಅಂದ್ರ, ನಿಂದರಾಂವ ಯಾ ಜಾತಿಯಾಂವ ಅಂತ ಗೊತ್ತಾಗೂದಿಲ್ಲ ದಸ್ತಗೀರ, ಎಲ್ಲಾರ ದೇವ್ರನೂ ಹಚ್ಚು ಅಂದ್ಳು. ನಾ ಹಚ್ಚೂತನಾ ಗೋಡಿ ಕಡೆ ಬೆನ್ನ ಮಾಡಿ ಕುಂತಿದ್ಳು, ಒಂದ ಸಲನೂ ಹೊಳ್ಳಿ ನೋಡಲಿಲ್ಲ."

"ನನಗ ಯಾಕ ಹೇಳಲಿಲ್ಲ ಮಾಮಾ?"

"ಅಕಿನ ಬ್ಯಾಡ ಅಂದಿದ್ಳು. ನನ್ನ ಮಗಾ ದೊಡ್ಡ ಮನಿಷ್ಯಾ ಆಗ್ಯಾನ, ಮಂದಿ ಹಿಂಗ ಮಾಡತಾರಂತ ಅವ್ವನಾ ಬಂದು ಟೈಲ್ಸ್ ಹಚ್ಚಿಸಬೇಕಾತು ಅಂತ ಗೊತ್ತಾದ್ರ ಅವಗ ಅವಮಾನ ಆಗತೈತಿ, ಹೇಳಬ್ಯಾಡ ಅಂದ್ಳು."

ನನಗ ಅವಮಾನ ಆಗಬಾರದು ಅಂತ. ಅವ್ವಾ, ಆ ಮಾತ ಕೇಳಿ ನಾ ಅಲ್ಲೆ ಮಾಮಾನ ಕಟ್ಟಿ ಮ್ಯಾಲ ಕುಂತಬಿಟ್ಟೆ. ಮಂದಿ ಮಾಡೂದು ಗೊತ್ತಿತ್ತಲ್ಲ ನನಗ. ಬಾಯಿಬಿಟ್ಟು ಹೇಳಿದ್ದಿಯಲ್ಲ ನೀ. ಗೊತ್ತಿದ್ದೂ ಅವಮಾನ ಆಗದಂಥಾ ಮಗನ್ನ ಹಡದೀನಿ ಅಂತ ಮಾತ್ರ ನಿನಗ ತಿಳೀಲಿಲ್ಲ. ಕಾಕಾ ಬಳಿಯಾಕ ಹೇಳಿದ ಕರೇ ಪಟ್ಟಿ ನಾ ಬಿಟ್ಟೆ, ನೀ ಮೊಣಕಾಲ ನೋವಿನ್ಯಾಗ ಹೋಗಿ ದೇವ್ರನ್ನ ತಂದು ಆ ಪಟ್ಟಿ ತುಂಬಿಸಿದಿ. ಅದಕ್ಕ ನಾ ಹಾರಾ ಹಾಕಿಸಿಕೊಂಡೆ. ಎಂಥಾ ನಾಚಿಗೇಡಿ ಬಾಳೇವು ನಂದು.

ಇವತ್ತ ಮುಂಜಾನೆ ಕೊಯ್ಯಾವ್ರು ಬರಾವ್ರಿದ್ರು. ನಾ ಅದರಕಿಂತಾ ಮೊದಲ ಹೋದೆ. ಸುಣ್ಣಾ ನಿನ್ನೇನ ನೆನೆ ಹಾಕಿದ್ದೆ, ಅಂಟು ಕೂಡಿಸಿ, ಒಂದ ಚಿಟಿಕಿ ನೀಲಿ ಹಾಕಿದೆ. ನಿಚ್ಚಣಿಕಿ ಹತ್ತಿ ಹಣಿಯಿಂದ ಸುರು ಮಾಡಿದೆ. ಹಸೀ ಸುಣ್ಣದಾಗ ಏನೂ ಮುಚ್ಚೂದಿಲ್ಲ, ನಿನಗೂ ಗೊತ್ತು, ದೀಪಾವಳಿಗೆ ನೀನಾ ಮನಿಗೆ ಬಳೀತಿದ್ದಿ. ತೊಯ್ಸಿದ ಕೂಡಲೆ ನಿನ್ನ ಕಣ್ಣು ಮತ್ತಿಷ್ಟ ಚೊಕ್ಕ ಕಂಡ್ವು. ಬಣ್ಣಾ ನಿನ್ನೆ ಹಚ್ಚಿದಂಗ ಇತ್ತು. ನನ್ನ ಕೈ ನಿಂತ್ವು. ಮೊಬೈಲ್ ತಗದು ಒಂದ ಫೋಟೋ ಹೊಡೀಲೇನು ಅನ್ನಿಸ್ತವ್ವಾ. ಆಗೂ ಅನ್ನಿಸ್ತು, ನೋಡು. ಕಿಸೇದ ತನಕಾ ಹೋದ ಕೈ ಹಿಂದಕ್ಕ ತಗೊಂಡೆ. ಬಿಸಲ ಏರಿದಂಗ ಮ್ಯಾಲಿಂದ ಒಣಗಾಕ ಹತ್ತಿತು. ಹಣಿ ಹೋತು, ಕುಂಕುಮ ಹೋತು, ಕಣ್ಣು ಹೋದ್ವು. ಎರಡನೇ ಕೈ ಹಚ್ಚಿದ ಮ್ಯಾಲ ಸಿಡಬಿನ ಕಲಿನೂ ಕಾಣಲಿಲ್ಲ.

ಮ್ಯಾಡಮ್ ಕೊಯ್ಯಾವ್ರ ಜೋಡಿ ಬಂದ್ರು, ಗಾಡಿಯಿಂದ ಇಳದು ಬೆಳ್ಳನ ಗೋಡಿ ಮುಟ್ಟಿ ನೋಡಿದ್ರು. ಅವರು ಕೆಟ್ಟವರಲ್ಲ. "ಯಾಕ?" ಅಂದ್ರು. ನಮ್ಮವ್ವ ಅಳಸು ಅಂದಿದ್ಳ್ರಿ ಅಂದೆ. "ನಮಗ್ಯಾಕ ಹೇಳಲಿಲ್ಲ ಅವರು?" ಅಂದ್ರು. "ಹೇಳಿದ್ಳ್ರಿ. ನಿಮ್ಮ ಗ್ಯಾಲರ್ಯಾಗನ ಹೇಳಿದ್ಳು. ನಾ ನಿಮಗ ಬ್ಯಾರೇನ ಹೇಳಿದೆ" ಅಂದೆ, ನೀ ಅವತ್ತ ಕೇಳಿದ ಮಾತ ಇದ್ದದ್ದು ಇದ್ದಂಗ ಹೇಳಿದೆ. ಅವರು ಕನ್ನಡಕ ತಗದು ಒರಸಿಕೊಂಡ್ರು. ಟೈಲ್ಸ್ ಆದ್ರೂ ಕೊಡ್ರಿ ಅಂದ್ರು. ಅವು ನಂದಲ್ರಿ, ಅಕಿನ್ವು ಅಂದೆ. ಇನ್ನ ಮುಂದ ಅವರ ಗ್ಯಾಲರ್ಯಾಗ ನನಗ ಜಾಗಾ ಇರೂದಿಲ್ಲ, ಅದನ್ನ ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳೂದೂ ಬೇಕಾಗಿರಲಿಲ್ಲ. ರಾಯಬಾಗದಾಗ ಒಂದ ಶಾಳಿ ಗೋಡಿ ಬರಿಯೂದೈತಿ ಅಂತ ಮಾಸ್ತರೊಬ್ರು ಕೇಳ್ಯಾರ, ಹೋಗತೀನಿ. ಕೆಳಗ ಡಾಂಬರ ಬಳದನ ಸುರು ಮಾಡತೀನಿ, ನಿನ್ನ ಮುಂದ ಹೇಳಾಕತ್ತೀನಿ.

ಮಧ್ಯಾಹ್ನ ಗಂಗಾ ಮೌಶಿ ಕಟ್ಟಿದ ಬೀಡಿ ಕಂಪನಿಗೆ ಹಾಕಿ ಹೊಳ್ಳಿ ಬರಾಕತ್ತಿದ್ಳು. ನಿಂತು ಗೋಡಿ ನೋಡಿದ್ಳು, ನನ್ನ ಕೈ ನೋಡಿದ್ಳು. "ಅಕಿ ಇದ್ದಾಗ ಮಾಡಬೇಕಿತ್ತಲೇ ಬಾಳ್ಯಾ" ಅಂದ್ಳು. ಹೌದು ಮೌಶಿ ಅಂದೆ. ಮತ್ತೇನ ಅನ್ನಲಿ? ಅಕಿ ಟೈಲ್ಸಿನ ಮ್ಯಾಲ ಬಿದ್ದ ಸುಣ್ಣದ ಹನಿ ಸೆರಗಲೆ ಒರಸಿ, ಗೋಡಿ ನೆಳ್ಳಿಗೆ ಬೆನ್ನ ಹಚ್ಚಿ ಕುಂತು ಎಲಿ ಅಡಕಿ ಹಾಕೊಂಡ್ಳು. ಹಿಂದ ಬಂದ ಹೆಂಗಸರೂ ಬುಟ್ಟಿ ಇಳಿಸಿ ಕುಂತ್ರು. ಯಾರೂ ಹೊಳ್ಳಿ ಗೋಡಿ ನೋಡಲಿಲ್ಲ, ಉಳ್ಳಾಗಡ್ಡಿ ತುಟ್ಟಿ ಆಗೇತಿ ಅಂತ ಮಾತಾಡಕೋತ ಕುಂತಿದ್ರು.

ಇನ್ನ ಸಂತಿಗೆ ಹಿಂದಿನ ಓಣಿ ಸುತ್ತಹಾಕೂದು ಬ್ಯಾಡವ್ವಾ. ಇದಾ ರಸ್ತಾದಲೆ ಬಾ. ಅಲ್ಲಿ ಈಗ ನೋಡುವಂಥಾದ್ದು ಏನೂ ಇಲ್ಲ.

ನಿನ್ನ
ಬಾಳ್ಯಾ, ಪೇಂಟರ್